ಬ್ಯಾಗ್ ತಗೊಳೋ ಮುಂಚೆ ಬೆನ್ನು ಅಳೀರಿ: ಸ್ಕೂಲಿಗೆ, ಟ್ರೆಕ್ಕಿಗೆ, ಊರು ಸುತ್ತೋಕೆ

ಬ್ಯಾಗ್ ಅಂಗಡಿಗೆ ಹೋದ್ರೆ ಮೊದಲು ಕಣ್ಣಿಗೆ ಬೀಳೋದು ಬಣ್ಣ, ಆಮೇಲೆ ಪಾಕೆಟ್ ಎಷ್ಟಿದೆ ಅಂತ, ಆಮೇಲೆ ರೇಟು. ಆದ್ರೆ ದಿನಾ ಅದನ್ನ ಹೊರೋದು ಬೆನ್ನು, ಆ ಬೆನ್ನಿನ ಅಳತೆ ಮಾತ್ರ ಯಾರೂ ತಗೊಳಲ್ಲ. ಚಪ್ಪಲಿ ಆದ್ರೆ ಕಾಲಿಗೆ ಹಾಕ್ಕೊಂಡು ಅಂಗಡೀಲೇ ನಾಕು ಹೆಜ್ಜೆ ನಡೆದು ನೋಡ್ತೀವಿ, ಬ್ಯಾಗನ್ನ ಫೋಟೋ ನೋಡಿ ಆರ್ಡರ್ ಮಾಡಿಬಿಡ್ತೀವಿ. ಏನು ಹೊರಬೇಕು ಅನ್ನೋದನ್ನ ಮೊದಲು ಯೋಚನೆ ಮಾಡಿ, ಯಾರು ಹೊರ್ತಾರೆ ಅನ್ನೋದನ್ನ ಆಮೇಲೆ ನೋಡಿ, ಬ್ಯಾಗ್ ವಿಚಾರ ಅದಾದ್ಮೇಲೆ ಬರ್ಲಿ.

ಬೆನ್ನು ಅಳೆಯೋದು ದೊಡ್ಡ ಕೆಲಸ ಅಲ್ಲ, ಮನೇಲಿ ಟೈಲರ್ ಟೇಪ್ ಇದ್ರೆ ಸಾಕು, ಇನ್ನೊಬ್ರು ಹಿಡ್ಕೋಬೇಕು ಅಷ್ಟೇ. ತಲೆ ಮುಂದಕ್ಕೆ ಬಗ್ಗಿಸಿದ್ರೆ ಕುತ್ತಿಗೆ ಬುಡದಲ್ಲಿ ಒಂದು ಮೂಳೆ ಉಬ್ಬಿಕೊಂಡು ಕೈಗೆ ಸಿಗತ್ತೆ, ಅದು ಮೇಲಿನ ಗುರುತು. ಎರಡೂ ಕೈನ ಸೊಂಟದ ಮೇಲಿಟ್ಟು ಹೆಬ್ಬೆರಳು ಹಿಂದಕ್ಕೆ ಮಾಡಿದ್ರೆ ಸೊಂಟದ ಮೂಳೆಯ ಮೇಲಂಚು ಸಿಗತ್ತೆ, ಎರಡು ಹೆಬ್ಬೆರಳ ನಡುವೆ ಬೆನ್ನುಮೂಳೆ ಮೇಲೆ ಬರೋ ಜಾಗ ಕೆಳಗಿನ ಗುರುತು. ಇವೆರಡರ ಮಧ್ಯದ ಉದ್ದಾನೇ ನಿಮ್ಮ ಬೆನ್ನಿನ ಅಳತೆ, ದೊಡ್ಡೋರಿಗೆ ಸಾಮಾನ್ಯವಾಗಿ 40ರಿಂದ 50 ಸೆಂ.ಮೀ. ಒಳಗೆ ಬರತ್ತೆ. ಆಳು ಎತ್ತರ ಇದ್ದ ಮಾತ್ರಕ್ಕೆ ಬೆನ್ನು ಉದ್ದ ಇರಬೇಕು ಅಂತೇನಿಲ್ಲ, ಕಾಲು ಉದ್ದ ಇದ್ದು ಬೆನ್ನು ಗಿಡ್ಡ ಇರೋರು ತುಂಬ ಜನ ಇದಾರೆ. ಟ್ರೆಕ್ಕಿಂಗ್ ಬ್ಯಾಗಲ್ಲಿ ಸ್ಮಾಲ್, ಮೀಡಿಯಂ, ಲಾರ್ಜ್ ಅಂತ ಕೊಡೋದು ಈ ಅಳತೆಗೇ, ಒಳಗೆ ಎಷ್ಟು ಸಾಮಾನು ಹಿಡಿಸತ್ತೆ ಅಂತ ಹೇಳೋ ಲೀಟರಿಗಲ್ಲ.

ಈಗ ಸ್ಕೂಲ್ ಬ್ಯಾಗ್ ವಿಚಾರ, ಇದನ್ನ ಸ್ವಲ್ಪ ಜಾಸ್ತೀನೇ ಹೇಳ್ತೀನಿ, ಯಾಕಂದ್ರೆ ದೊಡ್ಡೋರಿಗೆ ನೋವಾದ್ರೆ ಬ್ಯಾಗ್ ಇಳಿಸ್ತಾರೆ, ಮಕ್ಕಳು ಹೇಳೋದೂ ಇಲ್ಲ ಇಳಿಸೋದೂ ಇಲ್ಲ. ನಮ್ಮ ರಾಜ್ಯದಲ್ಲಿ 2019ರಲ್ಲೇ ಸರ್ಕಾರ ಬ್ಯಾಗಿನ ತೂಕಕ್ಕೆ ಮಿತಿ ಹಾಕಿದೆ: 1-2ನೇ ಕ್ಲಾಸಿಗೆ ಒಂದೂವರೆಯಿಂದ 2 ಕೆಜಿ, 3ರಿಂದ 5ಕ್ಕೆ 2-3 ಕೆಜಿ, 6ರಿಂದ 8ಕ್ಕೆ 3-4 ಕೆಜಿ, 9-10ಕ್ಕೆ 4-5 ಕೆಜಿ. 2023ರಲ್ಲಿ ಇದನ್ನೇ ಪಾಲಿಸಿ ಅಂತ ಇನ್ನೊಂದ್ಸಲ ಸುತ್ತೋಲೆನೂ ಬಂತು. ಕೇಂದ್ರದ 2020ರ ಸ್ಕೂಲ್ ಬ್ಯಾಗ್ ಪಾಲಿಸಿ ಪ್ರಕಾರ ಮಗುವಿನ ತೂಕದ ಶೇ. 10ಕ್ಕಿಂತ ಜಾಸ್ತಿ ಇರಬಾರ್ದು, ಅಂದ್ರೆ 22 ಕೆಜಿ ಇರೋ ಮಗು 2.2 ಕೆಜಿ ಹೊರಬಹುದು ಅಷ್ಟೇ. ಇದರಲ್ಲಿ ಖಾಲಿ ಬ್ಯಾಗಿನ ತೂಕಾನೂ ಸೇರತ್ತೆ ಅನ್ನೋದು ಮುಖ್ಯ. ಕಾರ್ಟೂನ್ ಅಂಟಿಸಿರೋ ಗಟ್ಟಿ ಪ್ಲಾಸ್ಟಿಕ್ ಮುಖದ ಬ್ಯಾಗು, ಚಕ್ರ ಇರೋ ಬ್ಯಾಗು ಖಾಲೀನೇ ಒಂದು ಕೆಜಿ ಮೇಲೆ ಬರತ್ತೆ, ಅದರ ಜೊತೆ ಒಂದು ಲೀಟರ್ ನೀರು ಹಾಕಿದ್ರೆ ಮಿತಿ ಅಲ್ಲೇ ಮುಗಿದೋಯ್ತು, ಪುಸ್ತಕ ಇನ್ನೂ ಇಟ್ಟೇ ಇಲ್ಲ. ಚಿಕ್ಕ ಮಕ್ಕಳಿಗೆ ಖಾಲಿ ಬ್ಯಾಗ್ ಅರ್ಧ ಕೆಜಿ ಆಸುಪಾಸಲ್ಲಿರೋದು ಹುಡುಕಿ, ಸ್ಕೂಲಲ್ಲಿ ಕುಡಿಯೋ ನೀರು ಚೆನ್ನಾಗಿದ್ರೆ ಬಾಟಲಿ ಅರ್ಧ ತುಂಬಿ ಕಳ್ಸಿ.

ಇನ್ನೊಂದು, "ಮುಂದಿನ ವರ್ಷಕ್ಕೂ ಆಗ್ಲಿ" ಅಂತ ದೊಡ್ಡ ಬ್ಯಾಗ್ ತಗೊಳೋದು. ಯೂನಿಫಾರ್ಮ್ ಹಾಗೆ ಹೊಲಿಸಬಹುದು, ಮಡಚಿ ಹೊಲಿಗೆ ಹಾಕಿದ್ರೆ ಆಯ್ತು, ಬ್ಯಾಗಲ್ಲಿ ಅದು ನಡಿಯಲ್ಲ ಕಣ್ರೀ. ದೊಡ್ಡ ಬ್ಯಾಗ್ ಸೊಂಟದಿಂದ ಕೆಳಗೆ ಜೋತು ಬೀಳತ್ತೆ, ನಡೆದಾಗ ಹಿಂದಕ್ಕೆ ಎಳಿಯತ್ತೆ, ಮಗು ಅದಕ್ಕೆ ಸರಿಯಾಗಿ ಮುಂದಕ್ಕೆ ಬಾಗಿ ನಡಿಯೋದು ಕಲೀತದೆ. ಜೊತೆಗೆ ಜಾಗ ಇದೆ ಅಂತ ಬೇಡದ ಪುಸ್ತಕಾನೂ ಒಳಗೆ ಸೇರ್ಕೊಳತ್ತೆ. ಬ್ಯಾಗಿನ ಮೇಲ್ತುದಿ ಭುಜದ ಮಟ್ಟಕ್ಕಿಂತ ಮೇಲೆ ಹೋಗಬಾರ್ದು, ಕೆಳತುದಿ ಸೊಂಟದಿಂದ ನಾಕು ಇಂಚಿಗಿಂತ ಕೆಳಗೆ ಇಳೀಬಾರ್ದು, ಅಗಲ ಮಗುವಿನ ಬೆನ್ನಿಗಿಂತ ಹೆಚ್ಚಿರಬಾರ್ದು. ಸ್ಟ್ರಾಪ್ ಎರಡು ಇಂಚಾದ್ರೂ ಅಗಲ ಇದ್ದು ಮೆತ್ತಗಿರಬೇಕು, ಬೆರಳಲ್ಲಿ ಒತ್ತಿದ್ರೆ ಸ್ಪಂಜ್ ಒಳಗೆ ಹೋಗಿ ಮತ್ತೆ ಮೇಲೆ ಬರಬೇಕು, ಒತ್ತಿದ ಕಡೆ ಹಾಗೇ ಚಪ್ಪಟೆ ಆದ್ರೆ ಮಳೆಗಾಲ ಮುಗಿಯೋದ್ರೊಳಗೆ ಅದು ಬರೀ ಪಟ್ಟಿ ಆಗತ್ತೆ. ದಪ್ಪ ಪುಸ್ತಕ ಬೆನ್ನಿಗೆ ಅಂಟಿರೋ ಖಾನೆಗೆ, ಟಿಫನ್ ಬಾಕ್ಸ್ ಮುಂದಿನ ಖಾನೆಗೆ. ಹೈಸ್ಕೂಲ್ ಮಕ್ಕಳು ಸ್ಟೈಲಿಗೆ ಅಂತ ಒಂದೇ ಭುಜಕ್ಕೆ ನೇತು ಹಾಕ್ಕೊಳ್ತಾರೆ, ಅದನ್ನ ಬಿಡಿಸೋದು ಕಷ್ಟ, ಆದ್ರೂ ಹೇಳ್ತಾ ಇರಿ.

ಅಂಗಡಿಗೆ ಹೋಗೋವಾಗ ಮಗುನ ಕರ್ಕೊಂಡು ಹೋಗಿ, ಜೊತೆಗೆ ಒಂದು ದಿನದ ಟೈಮ್‌ಟೇಬಲ್ ಪುಸ್ತಕನೂ ತಗೊಂಡು ಹೋಗಿ. ಶೋಗೆ ಅಂತ ತುಂಬಿರೋ ಪೇಪರ್ ಉಂಡೆ ತೆಗೆಸಿ, ಪುಸ್ತಕ ಹಾಕಿ, ಬೆನ್ನಿಗೆ ಹಾಕಿಸಿ ಅಂಗಡೀಲೇ ಹತ್ತು ನಿಮಿಷ ಓಡಾಡಿಸಿ. "ಹೇಗಿದೆ" ಅಂತ ಕೇಳಿದ್ರೆ ಮಕ್ಕಳು ಚೆನ್ನಾಗಿದೆ ಅಂತಾನೇ ಅಂತಾರೆ, "ಎಲ್ಲಿ ಎಳೀತಿದೆ, ತೋರ್ಸು" ಅಂತ ಕೇಳಿ, ಬೆರಳಿಟ್ಟು ತೋರಿಸ್ತಾರೆ. ಸ್ಟ್ರಾಪ್ ಬ್ಯಾಗಿಗೆ ಸೇರೋ ಜಾಗನ ತಿರುಗಿಸಿ ನೋಡಿ, ಅಲ್ಲಿ ಒಂದೇ ಸಾಲು ಹೊಲಿಗೆ ಇದ್ರೆ ವಾಪಸ್ ಇಟ್ಬಿಡಿ, ಚೌಕ ಹಾಕಿ ಮಧ್ಯೆ ಅಡ್ಡಡ್ಡ ಹೊಲಿದಿದ್ರೆ ಅಥವಾ ಒತ್ತೊತ್ತಾಗಿ ಒಂದೇ ಕಡೆ ದಾರ ಕಟ್ಟಿದ್ರೆ ಅದು ಬಾಳಿಕೆ ಬರತ್ತೆ. ಜಿಪ್ಪನ್ನ ಒಂದೇ ಕೈಯಲ್ಲಿ ಮೂಲೆವರೆಗೂ ಎಳೆದು ನೋಡಿ, ತಿರುವಲ್ಲಿ ಸಿಕ್ಕಾಕೊಂಡ್ರೆ ಹೊಸದರಲ್ಲೇ ಹೀಗಾದ್ರೆ ಆಮೇಲೆ ಹೇಗೆ ಅಂತ ಯೋಚನೆ ಮಾಡಿ.

ಬಟ್ಟೆ ಬಗ್ಗೆ ಅಂಗಡಿಯವರು ಡೀನಿಯರ್ ಅಂತ ಒಂದು ನಂಬರ್ ಹೇಳ್ತಾರೆ, 600, 1000 ಅಂತ. ಅದು ದಾರದ ದಪ್ಪ ಅಷ್ಟೇ, ನಂಬರ್ ದೊಡ್ಡದಾದ್ರೆ ಬ್ಯಾಗಿನ ತೂಕಾನೂ ಏರತ್ತೆ, ಮತ್ತೆ ಅದೇ ನಂಬರಲ್ಲಿ ನೈಲಾನ್ ಪಾಲಿಯೆಸ್ಟರಿಗಿಂತ ಗಟ್ಟಿ. ವಾಟರ್ ರೆಸಿಸ್ಟೆಂಟ್ ಅಂತ ಬರೆದಿದ್ರೆ ಸಣ್ಣ ಹನಿ ತಡ್ಕೊಳತ್ತೆ ಅಂತ ಅರ್ಥ, ಆಗುಂಬೆ ಮಳೆ ಅಲ್ಲ, ಜೋರು ಮಳೇಲಿ ಹೊಲಿಗೆ ತೂತಿಂದ ಜಿಪ್ಪಿಂದ ನೀರು ಇಳಿದೇ ಇಳಿಯತ್ತೆ.

ಟ್ರೆಕ್ಕಿಂಗ್ ಅಂದ ತಕ್ಷಣ ಹುಡುಗರು 60 ಲೀಟರ್ ಬ್ಯಾಗ್ ನೋಡೋಕೆ ಶುರು ಮಾಡ್ತಾರೆ. ನಮ್ಮ ಕಡೆ ಟ್ರೆಕ್ಕುಗಳು ಬಹುಪಾಲು ಒಂದು ದಿನದ್ದು, ಸ್ಕಂದಗಿರಿ, ಸಾವನದುರ್ಗ, ಕೊಡಗಿನ ತಡಿಯಂಡಮೋಳ್, ಎಲ್ಲಾ ಬೆಳಿಗ್ಗೆ ಹತ್ತಿ ಅವತ್ತೇ ಇಳಿಯೋವು. 1894 ಮೀಟರಿನ ಕುದುರೆಮುಖಕ್ಕೆ ಬುಡದಲ್ಲಿರೋ ಮುಳ್ಳೋಡಿ ಹಳ್ಳಿಯಿಂದ ಹೋಗಿ ಬರೋಕೆ 20 ಕಿ.ಮೀ. ಆಸುಪಾಸು ನಡೀಬೇಕು, ಆದ್ರೂ ಸಂಜೆಯೊಳಗೆ ಕೆಳಗಿರಲೇಬೇಕು. ಇದಕ್ಕೆಲ್ಲ 20ರಿಂದ 30 ಲೀಟರ್ ಬ್ಯಾಗ್ ಧಾರಾಳ ಸಾಕು: ಮೂರು ಲೀಟರ್ ನೀರು, ಬುತ್ತಿ, ರೈನ್‌ಕೋಟು, ಒಂದು ಜೊತೆ ಸಾಕ್ಸು, ಟಾರ್ಚು, ಇಂಬಳಕ್ಕೆ ಉಪ್ಪೋ ಸುಣ್ಣನೋ ಒಂದು ಪೊಟ್ಟಣ. ಹಿಮಾಲಯದ ಕಡೆ ನಾಕೈದು ದಿನದ್ದು ಅಂದ್ರೆ 40-50 ಲೀಟರ್. ಅದು ಬದುಕಲ್ಲಿ ಒಂದೆರಡು ಸಲ ಹೋಗೋದಾದ್ರೆ ಬಾಡಿಗೆಗೆ ಸಿಗತ್ತೆ, ದುಡ್ಡು ಸುರಿಬೇಡಿ.

30 ಲೀಟರ್ ದಾಟಿತು ಅಂದ್ರೆ ಸೊಂಟದ ಬೆಲ್ಟ್ ಇಲ್ಲದ ಬ್ಯಾಗ್ ಮುಟ್ಟಲೇಬೇಡಿ. ಆ ಬೆಲ್ಟ್ ಅಲಂಕಾರಕ್ಕಲ್ಲ, ತೂಕದ ಮುಕ್ಕಾಲು ಪಾಲು ಭುಜದಿಂದ ಸೊಂಟಕ್ಕೆ ಇಳಿಸೋದೇ ಅದು, ಕಾಲು ಎಷ್ಟು ಬೇಕಾದ್ರೂ ಹೊರತ್ತೆ, ಭುಜ ಹೊರಲ್ಲ. ಹಾಕ್ಕೊಳೋಕೂ ಒಂದು ಕ್ರಮ ಇದೆ. ಎಲ್ಲಾ ಸ್ಟ್ರಾಪ್ ಸಡಿಲ ಮಾಡಿ ಬ್ಯಾಗ್ ಏರಿಸ್ಕೊಳ್ಳಿ, ಮೊದಲು ಸೊಂಟದ ಬೆಲ್ಟ್ ಬಿಗಿ ಮಾಡಿ, ಅದು ಹೊಟ್ಟೆ ಮೇಲಲ್ಲ, ಸರಿಯಾಗಿ ಸೊಂಟದ ಮೂಳೆ ಮೇಲೆ ಕೂರಬೇಕು. ಆಮೇಲೆ ಭುಜದ ಸ್ಟ್ರಾಪ್, ಬಿಗಿಯಾಗಿ ಅಲ್ಲ, ಭುಜಕ್ಕೆ ತಾಗಿದ್ರೆ ಸಾಕು. ಆಮೇಲೆ ಭುಜದ ಮೇಲಿಂದ ಬ್ಯಾಗಿಗೆ ಹೋಗೋ ಚಿಕ್ಕ ಪಟ್ಟಿ, ಅದನ್ನ ಎಳೆದ ತಕ್ಷಣ ಬ್ಯಾಗಿನ ತಲೆ ಬೆನ್ನ ಹತ್ರ ಬರೋದು ನಿಮಗೇ ಗೊತ್ತಾಗತ್ತೆ. ಎದೆ ಮುಂದಿನ ಕ್ಲಿಪ್ ಕೊನೆಗೆ. ಕುಮಾರಪರ್ವತದಲ್ಲಿ ಕುಕ್ಕೆ ಕಡೆಯಿಂದ ಹತ್ತೋರಿಗೆ ದಾರಿ ಮಧ್ಯೆ ಸಿಗೋ ಗಿರಿಗದ್ದೆ ಭಟ್ಟರ ಮನೆವರೆಗಿನ ಕಾಡಿನ ಏರಲ್ಲೇ ಬ್ಯಾಗ್ ಯಾರಿಗೆ ಸರಿ ಇದೆ ಯಾರಿಗಿಲ್ಲ ಅಂತ ಗೊತ್ತಾಗಿಬಿಡತ್ತೆ, ಸ್ಟ್ರಾಪ್ ಕೆಳಗೆ ಹೆಬ್ಬೆರಳು ತೂರಿಸ್ಕೊಂಡು ನಡಿತಿರೋರ ಬ್ಯಾಗ್ ಸರಿ ಇಲ್ಲ ಅಂತಾನೇ ಲೆಕ್ಕ. ಹೆಣ್ಮಕ್ಕಳಿಗೆ ಅಂತ ಬರೋ ಬ್ಯಾಗಲ್ಲಿ ಬೆನ್ನು ಸ್ವಲ್ಪ ಗಿಡ್ಡ, ಸ್ಟ್ರಾಪ್ ಒಳಗೆ ಬಾಗಿರತ್ತೆ, ಅದು ಬರೀ ಪಿಂಕ್ ಬಣ್ಣದ ವ್ಯತ್ಯಾಸ ಅಲ್ಲ, ಹಾಕಿ ನೋಡಿ.

ಮಳೆಗಾಲದ ಟ್ರೆಕ್ಕಿಗೆ ರೈನ್ ಕವರ್ ಒಂದನ್ನೇ ನಂಬಬೇಡಿ. ಕವರ್ ಹೊರಗಡೆ ಮುಚ್ಚತ್ತೆ, ಬೆನ್ನ ಕಡೆ ತೆರೆದೇ ಇರತ್ತೆ, ಕುತ್ತಿಗೆಯಿಂದ ಇಳಿಯೋ ನೀರು ಅಲ್ಲಿಂದ ಒಳಗೆ ಹೋಗತ್ತೆ. ಬ್ಯಾಗ್ ಒಳಗೆ ಒಂದು ದೊಡ್ಡ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ, ಸಾಮಾನು ಅದರೊಳಗೆ ತುಂಬಿ ಬಾಯಿ ತಿರುಚಿ ಮಡಚಿ. ವಾಪಸ್ ಬರೋವಾಗ ಅದೇ ಚೀಲಾನ ಮನೆಗೆ ತನ್ನಿ, ಕಾಡಲ್ಲಿ ಬಿಡಬೇಡಿ.

ಊರು ಸುತ್ತೋಕೆ ಬ್ಯಾಗ್ ಅಂದ್ರೆ ಲೆಕ್ಕ ಬೇರೆ, ಇಲ್ಲಿ ನಡೆಯೋದು ಕಮ್ಮಿ, ಹತ್ತಿಸಿ ಇಳಿಸೋದು ಜಾಸ್ತಿ. ಸೂಟ್‌ಕೇಸ್ ತರ ಪೂರ್ತಿ ತೆರೆಯೋ ಬ್ಯಾಗ್ ಇದ್ರೆ ಕೆಳಗಿರೋ ಟವೆಲ್‌ಗೆ ಮೇಲಿರೋದನ್ನೆಲ್ಲ ಹೊರಗೆ ಹಾಕೋದು ತಪ್ಪತ್ತೆ. ವಿಮಾನದಲ್ಲಿ ನಮ್ಮ ದೇಶದೊಳಗೆ ಎಕಾನಮಿಗೆ ಕ್ಯಾಬಿನ್ ಬ್ಯಾಗು ಸಾಮಾನ್ಯವಾಗಿ 7 ಕೆಜಿ, ಅಳತೆ 55×35×25 ಸೆಂ.ಮೀ. ಆಸುಪಾಸು, ಟಿಕೆಟ್ ಮಾಡಿದ ಏರ್‌ಲೈನ್‌ದು ಒಮ್ಮೆ ನೋಡ್ಕೊಳ್ಳಿ. 40 ಲೀಟರ್ ಒಳಗಿನ ಬ್ಯಾಗ್ ಈ ಅಳತೆಗೆ ಕೂರತ್ತೆ, ಆದ್ರೆ ಬ್ಯಾಗೇ ಎರಡು ಕೆಜಿ ಇದ್ರೆ ಉಳಿಯೋದು ಐದೇ. ರಾತ್ರಿ ಟ್ರೈನಿಗೆ ಎರಡು ರನ್ನರ್ ಇರೋ ಜಿಪ್ಪು ಬೇಕು, ಪುಟ್ಟ ಬೀಗ ಹಾಕಬಹುದು, ಬೆನ್ನಿಗೆ ತಾಗೋ ಕಡೆ ಒಂದು ಕಳ್ಳಜೇಬಿದ್ರೆ ಇನ್ನೂ ಒಳ್ಳೇದು. ಮೊಣಕಾಲು ನೋವಿರೋ ಅಪ್ಪ ಅಮ್ಮನ್ನ ಕರ್ಕೊಂಡು ಯಾತ್ರೆಗೆ ಹೊರಟಿದ್ರೆ ಅವರ ಬೆನ್ನಿಗೆ ಬ್ಯಾಗ್ ಏರಿಸಬೇಡಿ, ಅವರಿಗೆ ಚಕ್ರದ ಟ್ರಾಲಿನೇ ಸರಿ.

ಬೈಕಲ್ಲಿ ದಿನಾ ಆಫೀಸಿಗೆ ಹೋಗೋರು ಸ್ಟ್ರಾಪ್ ಸ್ವಲ್ಪ ಸಡಿಲ ಬಿಟ್ಟು ಬ್ಯಾಗಿನ ತಳ ಹಿಂದಿನ ಸೀಟಿನ ಮೇಲೆ ಕೂರೋ ಹಾಗೆ ಮಾಡ್ಕೊಳ್ಳಿ, ಸಿಗ್ನಲ್ಲಲ್ಲಿ ಅರ್ಧ ಗಂಟೆ ನಿಂತ್ರೂ ಭಾರ ಸೀಟಿನ ಮೇಲಿರತ್ತೆ. ಗಾಡಿಯಿಂದ ಇಳಿದ ಮೇಲೆ ಮತ್ತೆ ಬಿಗಿ ಮಾಡಿ.

ತಗೊಂಡ ಮೇಲೆ ವಾಷಿಂಗ್ ಮಷಿನ್‌ಗೆ ಹಾಕಬೇಡಿ, ಒಳಗಿನ ಕೋಟಿಂಗ್ ಎದ್ದು ಹೋಗತ್ತೆ, ಒದ್ದೆ ಬಟ್ಟೇಲಿ ಒರೆಸಿ ನೆರಳಲ್ಲಿ ಒಣಗ್ಸಿ, ಮಲೆನಾಡು ಕರಾವಳಿ ಕಡೆ ಒದ್ದೆ ಬ್ಯಾಗ್ ಹಾಗೇ ಮಡಚಿಟ್ರೆ ಬೂಷ್ಟು ಗ್ಯಾರಂಟಿ. ಜಿಪ್ಪು ಹಾಕಿದ್ರೂ ಹಿಂದಿನಿಂದ ಬಿಟ್ಕೊಳ್ತಾ ಇದ್ರೆ ಸಾಮಾನ್ಯವಾಗಿ ಹಲ್ಲು ಹಾಳಾಗಿರಲ್ಲ, ರನ್ನರ್ ಸವೆದಿರತ್ತೆ ಅಷ್ಟೇ, ಬ್ಯಾಗ್ ರಿಪೇರಿಯವರ ಹತ್ರ ರನ್ನರ್ ಒಂದನ್ನೇ ಬದಲಾಯಿಸಿಕೊಂಡ್ರೆ ಅದೇ ಬ್ಯಾಗ್ ಇನ್ನೂ ಎರಡು ವರ್ಷ ಬರತ್ತೆ.