ವೃದ್ಧಾಶ್ರಮ ನೋಡಲು ಹೋದರೆ ಡೈಪರ್ ಲೆಕ್ಕ ಕೇಳಿ

ಮೈಸೂರಿನ ಬೋಗಾದಿ ಕಡೆಯ ಒಂದು ವೃದ್ಧಾಶ್ರಮಕ್ಕೆ ನಾನು ನೋಡಿ ಸೇರಿಸಿದ ಅಜ್ಜಿಯೊಬ್ಬರು ಹಾಸಿಗೆ ಹಿಡಿದವರು. ಹತ್ತಿರ ಹತ್ತಿರ ಒಂದು ವರ್ಷವಾಯಿತು, ಮೈಮೇಲೆ ಒಂದು ಬೆಡ್‌ಸೋರ್ (ಮಲಗಿದಲ್ಲೇ ಒತ್ತಿ ಆಗುವ ಹುಣ್ಣು) ಇಲ್ಲ. ಸೇರುವಾಗ 41 ಕೆ.ಜಿ. ಇದ್ದರು, ಈಗ 45ರ ಆಸುಪಾಸು. "ಸಿಸ್ಟರ್, ನೀವು ಕೇಳೋದನ್ನೆಲ್ಲ ಯಾರೂ ತೋರಿಸಲ್ಲ" ಎಂದಿದ್ದ ನಮ್ಮ ಹೋಮ್ ನರ್ಸಿಂಗ್ ಗೆಳತಿಯರೇ ಈಗ ಫೋನ್ ಮಾಡಿ ಹೇಗೆ ನೋಡಿದ್ರಿ ಎಂದು ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಎಲ್ಲರ ಹಾಗೆ ಫಾರ್ಮ್ ಹಿಡಿದುಕೊಂಡು ಹೋಗುತ್ತಿದ್ದೆ. ಡಾಕ್ಟರ್ ಬರ್ತಾರಾ? ಬರ್ತಾರೆ. ರಾತ್ರಿ ನರ್ಸ್ ಇರ್ತಾರಾ? ಇರ್ತಾರೆ. ಎಲ್ಲಕ್ಕೂ ಟಿಕ್. ಹಾಗೆ ಪೂರ್ತಿ ಟಿಕ್ ಬಿದ್ದ ಒಂದು ಕಡೆ, ಬೆಂಗಳೂರಿನಲ್ಲಿರುವ ಮಗ 75 ಸಾವಿರ ಅಡ್ವಾನ್ಸ್ ಕಟ್ಟಿ ತಂದೆಯನ್ನು ಬಿಟ್ಟರು. ಒಂದೂವರೆ ತಿಂಗಳಲ್ಲಿ ಸೊಂಟದ ಕೆಳಗೆ ಮೂಳೆ ಕಾಣುವಷ್ಟು ಹುಣ್ಣು. ಆಸ್ಪತ್ರೆ, ಡ್ರೆಸ್ಸಿಂಗ್ ಎಂದು ಲಕ್ಷದ ಮೇಲೆ ಹೋಯಿತು. ಅಡ್ವಾನ್ಸ್‌ನಲ್ಲಿ ಅರ್ಧವೂ ವಾಪಸ್ ಬರಲಿಲ್ಲ. ಆದರೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಿ ಸಹಿ ಹಾಕುವ ಚಾರ್ಟ್ ಮಾತ್ರ ಬಲು ಅಚ್ಚುಕಟ್ಟು. ನಾನು ಅದನ್ನು ತೆಗೆದು ನೋಡಿದಾಗ ರಾತ್ರಿ ಎಂಟು ಗಂಟೆ. ಹತ್ತು, ಹನ್ನೆರಡು, ಎರಡು, ಬೆಳಗಿನ ಜಾವದ ನಾಲ್ಕು, ಎಲ್ಲ ಚೌಕಕ್ಕೂ ಆಗಲೇ ಸಹಿ ಬಿದ್ದಿತ್ತು. ಒಂದೇ ನೀಲಿ ಪೆನ್ನು, ಒಂದೇ ಓರೆ.

ಅಲ್ಲಿಂದ ಮುಂದೆ ಬರೆದಿಟ್ಟಿದ್ದನ್ನು ನಂಬುವುದು ಬಿಟ್ಟೆ, ಖರೀದಿಯನ್ನು ನಂಬಿದೆ. ಹತ್ತು ಜನ ಹಾಸಿಗೆ ಹಿಡಿದವರಿದ್ದರೆ ತಲೆಗೆ ದಿನಕ್ಕೆ ಮೂರು ಡೈಪರ್ ಅಂದರೂ ತಿಂಗಳಿಗೆ 900. ಹತ್ತರ ಪ್ಯಾಕೆಟ್ ಲೆಕ್ಕದಲ್ಲಿ 90. ಮನೆಯವರು ತಂದುಕೊಟ್ಟಿದ್ದನ್ನೂ ಸೇರಿಸಿ 40 ಪ್ಯಾಕೆಟ್ ಖರ್ಚಾಗಿದ್ದರೆ ತಲೆಗೆ ದಿನಕ್ಕೆ ಒಂದೂವರೆಯೂ ಬೀಳುವುದಿಲ್ಲ. ಅಂದರೆ ರಾತ್ರಿಯೆಲ್ಲ ಒದ್ದೆಯಲ್ಲೇ ಮಲಗಿಸುತ್ತಿದ್ದಾರೆ. ಬಟ್ಟೆ ಬಳಸುತ್ತೇವೆ ಎಂದರೆ ಒಗೆಯುವ ಜಾಗ ನೋಡಿ, ಹಗ್ಗದ ಮೇಲೆ ಎಷ್ಟಿವೆ ಎಂದು ಎಣಿಸಿ. ಬಿಲ್ ಕೊಡಿ ಎಂದು ನೇರವಾಗಿ ಕೇಳಿದರೆ ಯಾರೂ ಕೊಡುವುದಿಲ್ಲ. ಸ್ಟೋರ್ ನೋಡಿಕೊಳ್ಳುವ ಆಯಾ ಹತ್ತಿರ ನಾನು ಹೇಗೆ ಮಾತು ತೆಗೆಯುತ್ತೇನೆ ಎನ್ನುವುದು ನನ್ನ ಹತ್ತಿರವೇ ಇರಲಿ. ಬರೆದರೆ ನಾಳೆ ಎಲ್ಲ ಕಡೆ ಉತ್ತರ ರೆಡಿ ಇರುತ್ತದೆ.

ಆಮೇಲೆ ಹಿಮ್ಮಡಿ, ಬೆಡ್‌ಸೋರ್ ಬೇಗ ಏಳುವ ಜಾಗ. ಅಲ್ಲಿರುವ ಒಬ್ಬಿಬ್ಬರು ಹಿರಿಯರ ಹತ್ತಿರ ಕೂತು ಮಾತಾಡಿಸಿ, ಅವರು ಒಪ್ಪಿದರೆ ಹಿಮ್ಮಡಿ ಮುಟ್ಟಿ ನೋಡುತ್ತೇನೆ. ಕೆಂಪಾದ ಜಾಗ ಒತ್ತಿದರೆ ಬಿಳಿಚಿಕೊಳ್ಳಬೇಕು, ಇಲ್ಲದಿದ್ದರೆ ಹುಣ್ಣು ಶುರುವಾಗಿದೆ ಎಂದು ನಾವೆಲ್ಲ ಕಲಿತಿದ್ದೇವೆ. ಕಪ್ಪು ಮೈಬಣ್ಣದವರಲ್ಲಿ ಅದು ಕಣ್ಣಿಗೆ ಸರಿಯಾಗಿ ಕಾಣುವುದೇ ಇಲ್ಲ, ಅಲ್ವಾ? ಅದಕ್ಕೆ ಬೆರಳ ಹಿಂಭಾಗ ಇಟ್ಟು ಬಿಸಿ ನೋಡಿ, ಸುತ್ತಲಿನ ಚರ್ಮಕ್ಕಿಂತ ಗಟ್ಟಿಯಾಗಿದೆಯಾ ನೋಡಿ. ಹುಣ್ಣು ಬಾಯಿ ಬಿಡುವ ಮೊದಲೇ ಗೊತ್ತಾಗುತ್ತದೆ. ಹೋಗುವುದು ಸಂಜೆ ಏಳರ ಮೇಲೆ, ಹಗಲಿನವರು ಹೊರಟು ರಾತ್ರಿಯವರು ಬರುವ ಹೊತ್ತಿಗೆ. ಬೆಳಗ್ಗೆ ಹತ್ತಕ್ಕೆ ಎಲ್ಲ ಆಶ್ರಮವೂ ಚೆಂದವೇ.

ನಡುವೆ ತೂಕದ ಹುಚ್ಚು ಹಿಡಿಯಿತು. ತಿಂಗಳಲ್ಲಿ ಶೇ. 5ರಷ್ಟು ತೂಕ ಇಳಿದರೆ ಅಪಾಯ, ಸರಿ. ಎದ್ದು ನಿಲ್ಲಲಾಗದವರನ್ನು ತೂಗುವುದು ಹೇಗೆ? ಸಂತೇಪೇಟೆ ಹತ್ತಿರ ನಾಲ್ಕೈದು ಸಾವಿರಕ್ಕೆ ಹಳೆಯ ಪ್ಲಾಟ್‌ಫಾರಂ ತಕ್ಕಡಿ ಸಿಕ್ಕಿತು, ಅಕ್ಕಿ ಮೂಟೆ ತೂಗುವಂಥದ್ದು. ವೀಲ್‌ಚೇರ್ ಸಮೇತ ಹತ್ತಿಸಿ ಚೇರಿನ 17 ಕೆ.ಜಿ. ಕಳೆಯುವುದು. ಸಾಗಿಸಲು ಪ್ರತಿ ಸಲ ಆಟೋಗೇ ಮುನ್ನೂರು ಹೋದರೂ ಅಜ್ಜಿಯ ತೂಕ ಗೊತ್ತಾಗಿದ್ದು ಇದರಿಂದಲೇ. ತೂಕ ಏರಿದೆ ಎಂದು ಕೂಡಲೇ ಖುಷಿಪಡಬೇಡಿ, ಕಾಲು ಒತ್ತಿ ಊತ ಇದೆಯಾ ನೋಡಿ. ಫ್ರಿಜ್‌ನಲ್ಲಿ ಥರ್ಮಾಮೀಟರ್ ಇಟ್ಟೂ ನೋಡಿದೆ. ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ಬೇಕು. ಒಂದು ಕಡೆ ಫ್ರೀಜರ್‌ಗೇ ಒತ್ತಿಕೊಂಡು ಇಟ್ಟು ಹೆಪ್ಪುಗಟ್ಟಿಸಿದ್ದರು. ಹಾಗಾದ ಮೇಲೆ ಅದು ಎಸೆಯೋದಕ್ಕೇ.

ದುಡ್ಡಿನ ವಿಷಯ. ನಾನು ನೋಡಿದ ಕಡೆ ಹಾಸಿಗೆ ಹಿಡಿದವರಿಗೆ ತಿಂಗಳಿಗೆ 25ರಿಂದ 35 ಸಾವಿರ, ಡೈಪರ್, ಔಷಧಿ ಬೇರೆ. ಈಗ ಮೊದಲೇ ಅಡ್ವಾನ್ಸ್ ಕೊಡಿಸುವುದಿಲ್ಲ. ಎರಡು ವಾರ ದಿನದ ಲೆಕ್ಕದಲ್ಲಿ, ಸಾವಿರದ ಇನ್ನೂರರವರೆಗೆ ಕೊಟ್ಟು ಇರಿಸಿ ನೋಡಿ ಎನ್ನುತ್ತೇನೆ. ಜಾಸ್ತಿ ಅನ್ನಿಸುತ್ತದೆ, ಆದರೆ 75 ಸಾವಿರದ ಮುಂದೆ ಏನೂ ಅಲ್ಲ. ಸೇರಿಸುವ ದಿನ ಹಿಮ್ಮಡಿ, ಸೊಂಟದ ಫೋಟೋ ತೆಗೆದು ತಾರೀಖು ಹಾಕಿ, ಮ್ಯಾನೇಜರ್ ಎದುರಿಗೇ ತೂಕ ಬರೆದು ಸಹಿ ಮಾಡಿಸಿ. ಒಪ್ಪದವರ ಹತ್ತಿರ ವಾದ ಬೇಡ, ಮುಂದಿನ ಆಶ್ರಮ ನೋಡಿ.