ಸ್ಟೇಶನ್ ಪಕ್ಕದ ಹಲಗೆ ಅಂಗಡಿ, ಮಾದರಿ ರೈಲಿಗೆ ಕಟ್ಟುವುದು ಹೇಗೆ

ಮಾದರಿ ರೈಲಿಗೆ ಅಂತ ಡಬ್ಬದಲ್ಲಿ ಸಿಗುವ ಕಟ್ಟಡದ ಕಿಟ್‌ಗಳು ಹೆಚ್ಚಿನವು ಯುರೋಪ್, ಅಮೆರಿಕದ ಮನೆಗಳು. ನಮ್ಮ ಕಾಸರಗೋಡು ಕಡೆಯ ಕಟ್ಟಡ ಬೇಕು ಅಂದರೆ ನಾವೇ ಕಟ್ಟಬೇಕು. ಕುಂಬಳೆ, ಉಪ್ಪಳ, ಮಂಜೇಶ್ವರದ ಹಳೇ ಪೇಟೆಯಂಥ ಅಂಗಡಿಯಿಂದ ಶುರು ಮಾಡಿ. ಹೆಂಚಿನ ಮಾಡು, ಎದುರಿಗೆ ಒಂದೊಂದಾಗಿ ತೆಗೆದಿಡುವ ಹಲಗೆ ಬಾಗಿಲು, ಅಷ್ಟೇ.

ಮೊದಲು ಅಳತೆ. ಮಾದರಿ ರೈಲಿನ ಎಚ್‌ಒ ಸ್ಕೇಲ್ ಅಂದರೆ 1:87, ಅಂದರೆ ನಿಜದ್ದರ 87ನೇ ಒಂದು ಪಾಲು. ಇದರಲ್ಲಿ ಒಂದು ಅಡಿಗೆ 3.5 ಮಿ.ಮೀ. ಆಚಾರಿಗಳು ಈಗಲೂ ಅಡಿಯಲ್ಲೇ ಮಾತಾಡುತ್ತಾರೆ ಅಲ್ವಾ, ಹಾಗಾಗಿ ಲೆಕ್ಕ ಸುಲಭ. 10 ಅಡಿ ಅಗಲ ಅಂದರೆ 35 ಮಿ.ಮೀ., 12 ಅಡಿ ಉದ್ದ ಅಂದರೆ 42, 8 ಅಡಿ ಗೋಡೆ ಅಂದರೆ 28. ನಮ್ಮ ಬ್ರಾಡ್‌ಗೇಜ್‌ನಲ್ಲಿ ಎರಡು ಹಳಿಗಳ ನಡುವಿನ ಅಂತರ 1676 ಮಿ.ಮೀ., ಎಚ್‌ಒ ಹಳಿಯ 16.5 ಮಿ.ಮೀ. ಮಾತ್ರ ಹೊರದೇಶದ 1435ಕ್ಕೆ ಹೊಂದುವಂಥದ್ದು, ಆದ್ದರಿಂದ ಹಳಿ ಸ್ವಲ್ಪ ಕಿರಿದಾಗಿ ಕಾಣುತ್ತದೆ. ಅದು ಇರಲಿ, ಕಟ್ಟಡವನ್ನು ಸರಿ ಅಳತೆಯಲ್ಲೇ ಗ್ರಾಫ್ ಕಾಗದದ ಮೇಲೆ ಬರೆಯಿರಿ.

ಗೋಡೆಗೆ 1 ಮಿ.ಮೀ. ಬಾಲ್ಸಾ (ತುಂಬಾ ಹಗುರದ ಮೆತ್ತನೆ ಮರ) ಹಾಳೆ ಸಾಕು. ಕಂಬಕ್ಕೆ ಬೆಂಕಿಕಡ್ಡಿ. 2 ಮಿ.ಮೀ. ದಪ್ಪದ ಕಡ್ಡಿ ಇಲ್ಲಿ ಸುಮಾರು 7 ಇಂಚಿನ ಕಂಬವಾಗುತ್ತದೆ. ಉರುಟು ಕಂಬ ಬೇಕಾದರೆ ಹಿಡಿಸೂಡಿಯ (ಪೊರಕೆಯ) ಕಡ್ಡಿ ತೆಗೆದುಕೊಳ್ಳಿ. ಬ್ಲೇಡ್ ಹೊಸದೇ ಇರಬೇಕು, ಮೊಂಡಾಗಿದ್ದರೆ ಬಾಲ್ಸಾ ಜಜ್ಜಿಹೋಗುತ್ತದೆ. ಹಗುರವಾಗಿ ಎರಡು ಮೂರು ಸಲ ಎಳೆದು ಕೊಯ್ಯಿರಿ.

ಈಗ ಮುಖ್ಯ ವಿಷಯ: ಅಂಟು ಹಚ್ಚುವ ಮೊದಲೇ ಬಣ್ಣ. ಅಂಟು ತಾಗಿದ ಜಾಗ ಬಣ್ಣ ಹೀರುವುದಿಲ್ಲ, ಆ ಬಿಳಿ ಕಲೆ ಆಮೇಲೆ ಏನು ಮಾಡಿದರೂ ಹೋಗುವುದಿಲ್ಲ. ಮಳೆಗಾಳಿಗೆ ಬೂದಿ ಬಣ್ಣಕ್ಕೆ ತಿರುಗಿದ ಮರ ಬೇಕಾದರೆ, ಪಾತ್ರೆ ತಿಕ್ಕುವ ಸ್ಟೀಲ್ ವುಲ್‌ನ ಒಂದು ತುಂಡನ್ನು ವಿನಿಗರ್‌ನಲ್ಲಿ ಒಂದೆರಡು ದಿನ ನೆನೆಹಾಕಿ (ಮುಚ್ಚಳ ಬಿಗಿ ಮಾಡಬೇಡಿ, ಗಾಳಿ ಹೊರಹೋಗಬೇಕು. ಸ್ಟೇನ್‌ಲೆಸ್ ನಾರು ಇದಕ್ಕೆ ಆಗುವುದಿಲ್ಲ). ಮರಕ್ಕೆ ಮೊದಲು ಗಟ್ಟಿ ಚಹಾ ಡಿಕಾಕ್ಷನ್ ಹಚ್ಚಿ ಒಣಗಿಸಿ, ಆಮೇಲೆ ಈ ನೀರು ಹಚ್ಚಿ. ಚಹಾದ ಚೊಗರು ಕಬ್ಬಿಣದ ಜೊತೆ ಸೇರಿ ಮರ ನೋಡುತ್ತಿದ್ದ ಹಾಗೇ ಕಪ್ಪುಬೂದಿ ಆಗುತ್ತದೆ. ಎರಡೂ ಬದಿಗೆ ಹಚ್ಚಿ, ಒಂದೇ ಬದಿ ಒದ್ದೆಯಾದರೆ ತೆಳು ಹಾಳೆ ಬಗ್ಗುತ್ತದೆ. ಆಮೇಲೆ ಭಾರ ಇಟ್ಟು ಒಣಗಿಸಿ.

ಗೋಡೆಗಳನ್ನು ಫೆವಿಕಾಲ್‌ನಲ್ಲಿ ಕೂಡಿಸಿ, ಒಳಮೂಲೆಗೆ ಬೆಂಕಿಕಡ್ಡಿಯ ಆಸರೆ ಕೊಡಿ. ಎದುರಿನ ಹಲಗೆಗಳು ಎರಡೂಕಾಲು ಮಿ.ಮೀ. ಅಗಲ ಇದ್ದರೆ ಎಂಟು ಇಂಚಿನ ಹಲಗೆಯಂತೆ ಕಾಣುತ್ತವೆ. ಎಲ್ಲವನ್ನೂ ಮುಚ್ಚಬೇಡಿ, ನಾಲ್ಕೈದು ಹಲಗೆ ತೆಗೆದು ಬದಿಗೆ ಒರಗಿಸಿಡಿ. ಅಂಗಡಿಗೆ ಜೀವ ಬರುವುದು ಅಲ್ಲೇ.

ಮಾಡಿಗೆ ಜಾಸ್ತಿ ತಾಳ್ಮೆ ಬೇಕು. ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿ ಮಾಡಿದ ಆ ಹೆಂಚಿನಿಂದಲೇ ನಮ್ಮ ಕರಾವಳಿಯ ಪೇಟೆಗಳಿಗೆ ಈ ಕೆಂಪು ರೂಪ ಬಂದದ್ದು, ಅದನ್ನು ಸುಮ್ನೆ ಕೆಂಪು ಕಾಗದ ಅಂಟಿಸಿ ಮುಗಿಸಬಾರದು. ತೆಳು ರಟ್ಟನ್ನು ನಾಲ್ಕೂವರೆ ಮಿ.ಮೀ. ಪಟ್ಟಿಗಳಾಗಿ ಕೊಯ್ದು, ಎರಡೂವರೆ ಮಿ.ಮೀ.ಗೊಂದು ಗೀರು ಹಾಕಿ. ಕೆಳಗಿನ ಅಂಚಿನಿಂದ ಮೇಲಕ್ಕೆ, ಒಂದರ ಮೇಲೊಂದು ಸ್ವಲ್ಪ ಕೂರುವಂತೆ ಅಂಟಿಸುತ್ತಾ ಹೋಗಿ. ಅಂಚು ಗೋಡೆಯಿಂದ 7 ಮಿ.ಮೀ. ಹೊರಗೆ ಚಾಚಲಿ. ನಮ್ಮ ಮಳೆಗೆ ಎರಡಡಿ ಮಾಡು ಹೊರಗಿರಲೇಬೇಕು, ಅದನ್ನು ಕಡಿಮೆ ಮಾಡಿದರೆ ಊರೇ ಬೇರೆ ಅನಿಸುತ್ತದೆ. ಅಂಚಿನ ಕೆಳಗೆ ಪಕ್ಕಾಸಿನ (ಮಾಡು ಹೊರುವ ಇಳಿಜಾರು ಮರದ) ತುದಿಗಳು ಕಾಣಬೇಕು. ಬಣ್ಣವೂ ಒಂದೇ ಬೇಡ: ಕೆಲವು ಕಪ್ಪಾದ ಹೆಂಚು, ಮರದ ನೆರಳು ಬೀಳುವ ಬದಿಗೆ ತುಸು ಪಾಚಿ ಹಸಿರು, ಒಡೆದ ಜಾಗಕ್ಕೆ ಹಾಕಿದ ಎರಡು ಹೊಸ ಹೆಂಚು.

ಜೂನ್‌ನಿಂದ ತೇವಕ್ಕೆ ಬಾಲ್ಸಾ ಉಬ್ಬುತ್ತದೆ, ಒಳಗೂ ಹೊರಗೂ ಹೊಳಪಿಲ್ಲದ ವಾರ್ನಿಶ್ ಒಂದು ಕೈ ಹೊಡೆಯಿರಿ. ಕೊನೆಗೆ ಅಂಗಡಿಯನ್ನು ಜಾಗದಲ್ಲಿಟ್ಟು, ನಿಮ್ಮ ಹತ್ತಿರ ಇರುವ ಅತಿ ಉದ್ದದ ಬೋಗಿಯನ್ನು ನಿಧಾನಕ್ಕೆ ಪಕ್ಕದಲ್ಲಿ ಓಡಿಸಿ. ತಿರುವಿನಲ್ಲಿ ಬೋಗಿಯ ಮೂಲೆ ಹೊರಗೆ ಚಾಚಿ ಮಾಡಿನ ಅಂಚಿಗೆ ತಾಗುವುದುಂಟು. ತಾಗದಿದ್ದರೆ ಮಾತ್ರ ಅಂಟಿಸಿ.