ಕೆ-ಸ್ಮಾರ್ಟ್‌ನಲ್ಲಿ ಪಂಚಾಯತ್ ಸೇವೆ: ಕಾಸರಗೋಡಿನ ಕನ್ನಡಿಗರು ಅರ್ಜಿ ಸಲ್ಲಿಸುವ ಕ್ರಮ

ಜನನ ಪ್ರಮಾಣಪತ್ರಕ್ಕಾಗಲಿ, ಮನೆ ತೆರಿಗೆ ಕಟ್ಟುವುದಕ್ಕಾಗಲಿ ಒಂದು ದಿನದ ಕೆಲಸ ಬಿಟ್ಟು ಪಂಚಾಯತ್ ಕಚೇರಿಗೆ ಹೋಗಬೇಕಾದ ಅಗತ್ಯ ಕಾಸರಗೋಡು ಜಿಲ್ಲೆಯಲ್ಲಿ ಈಗ ಬಹುಮಟ್ಟಿಗೆ ಇಲ್ಲ. ಕೇರಳ ಸರಕಾರದ ಸಂಸ್ಥೆಯಾದ ಇನ್ಫರ್ಮೇಶನ್ ಕೇರಳ ಮಿಷನ್ ರೂಪಿಸಿದ ಕೆ-ಸ್ಮಾರ್ಟ್ ಎಂಬ ಆನ್‌ಲೈನ್ ವ್ಯವಸ್ಥೆಯು 2024ರ ಜನವರಿ 1ರಂದು ಕೇರಳದ ನಗರಸಭೆ ಮತ್ತು ಮಹಾನಗರಪಾಲಿಕೆಗಳಲ್ಲಿ ಆರಂಭವಾಗಿ, 2025ರ ಏಪ್ರಿಲ್‌ನಲ್ಲಿ ಗ್ರಾಮ ಪಂಚಾಯತ್‌ಗಳಿಗೂ ಬಂದಿತು. ಹಿಂದೆ ಜನನ, ಮರಣ, ವಿವಾಹಗಳಿಗೆ ‘ಸೇವನ’, ತೆರಿಗೆಗೆ ‘ಸಂಚಯ’, ಕಟ್ಟಡ ಪರವಾನಗಿಗೆ ‘ಸಂಕೇತಂ’ ಎಂದು ಒಂದೊಂದಕ್ಕೂ ಬೇರೆ ಬೇರೆ ತಂತ್ರಾಂಶಗಳಿದ್ದವು. ಈಗ ಅವುಗಳ ಕೆಲಸ ಒಂದೇ ಖಾತೆಯ ಮೂಲಕ ನಡೆಯುತ್ತದೆ. ಪರದೆಯ ಮೇಲೆ ಕಾಣುವ ಭಾಷೆ ಮಲಯಾಳ ಮತ್ತು ಇಂಗ್ಲಿಷ್. ಮಂಜೇಶ್ವರ, ವರ್ಕಾಡಿ, ಪೈವಳಿಕೆ, ಎಣ್ಮಕಜೆ, ಬದಿಯಡ್ಕ, ಕುಂಬಳೆ, ಮಧೂರು ಮೊದಲಾದ ಪಂಚಾಯತ್‌ಗಳಲ್ಲಿ ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡಿ, ಕನ್ನಡ ಶಾಲೆಯಲ್ಲಿ ಓದಿದವರು ಈ ವ್ಯವಸ್ಥೆಯನ್ನು ತೊಡಕಿಲ್ಲದೆ ಬಳಸಬೇಕಾದರೆ ಕೆಲವು ಸಂಗತಿಗಳನ್ನು ಮೊದಲೇ ಸರಿಮಾಡಿಕೊಳ್ಳಬೇಕು. ರಜಾದಿನಗಳಲ್ಲಿ ನೆರೆಕರೆಯವರ ಅರ್ಜಿಗಳನ್ನು ತುಂಬಿಸಿಕೊಡುವ ಅಭ್ಯಾಸವಿರುವುದರಿಂದ, ಎಲ್ಲಿ ಅರ್ಜಿ ಹಿಂದೆ ಬರುತ್ತದೆ ಎಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

ಮೊದಲು ಹೆಸರಿನ ಚೀಟಿ

ಮೊಬೈಲ್ ಕೈಗೆತ್ತಿಕೊಳ್ಳುವ ಮುನ್ನ ಒಂದು ಹಾಳೆಯಲ್ಲಿ ಮನೆಯ ಪ್ರತಿಯೊಬ್ಬರ ಹೆಸರು, ತಂದೆ ತಾಯಿಯ ಹೆಸರು, ಮನೆಯ ಹೆಸರು, ಊರು, ಅಂಚೆ ಇವಿಷ್ಟನ್ನು ಕನ್ನಡ, ಮಲಯಾಳ, ಇಂಗ್ಲಿಷ್ ಈ ಮೂರರಲ್ಲಿಯೂ ಬರೆದಿಟ್ಟುಕೊಳ್ಳಿ. ಇಂಗ್ಲಿಷ್ ಕಾಗುಣಿತವನ್ನು ನೆನಪಿನಿಂದ ಬರೆಯದೆ ಆಧಾರ್, ಎಸ್‌ಎಸ್‌ಎಲ್‌ಸಿ ಪುಸ್ತಕ, ರೇಷನ್ ಕಾರ್ಡ್, ಪಾಸ್‌ಪೋರ್ಟ್ ಇವುಗಳನ್ನು ಎದುರಿಗಿಟ್ಟುಕೊಂಡು ನಕಲು ಮಾಡಬೇಕು. ಅವುಗಳಲ್ಲೇ ಒಂದಕ್ಕೊಂದು ಹೊಂದದಿದ್ದರೆ, ಮುಂದೆ ಯಾವ ದಾಖಲೆ ಹೆಚ್ಚು ಕಡೆ ಬೇಕಾಗುತ್ತದೆಯೋ ಅದರ ಕಾಗುಣಿತವನ್ನು ಆರಿಸಿ ಉಳಿದವನ್ನು ನಿಧಾನವಾಗಿ ಅದಕ್ಕೆ ಹೊಂದಿಸುವುದು ಒಳ್ಳೆಯದು.

ಮಲಯಾಳದ ಕಾಲಂ ಬಗ್ಗೆ ಇನ್ನೂ ಹೆಚ್ಚು ಜಾಗ್ರತೆ ಬೇಕು. ನಮ್ಮ ಹೆಸರುಗಳು ಆ ಲಿಪಿಗೆ ಹೋಗುವಾಗ ಬದಲಾಗುವುದಕ್ಕೆ ಕಾರಣಗಳಿವೆ. ಕುಂಬಳೆ ಅಲ್ಲಿ ‘ಕುಂಬಳ’ವಾಗುತ್ತದೆ, ಮಂಜೇಶ್ವರಕ್ಕೆ ‘ಂ’ ಸೇರುತ್ತದೆ, ಬದಿಯಡ್ಕ ‘ಬದಿಯಡುಕ್ಕ’ ಎಂದಾಗುತ್ತದೆ. ಮಲಯಾಳದಲ್ಲಿ ಪದದ ನಡುವೆ ಬರುವ ‘ಟ’ ಅಕ್ಷರವನ್ನು ‘ಡ’ ಎಂದು ಓದುವ ರೂಢಿ ಇರುವುದರಿಂದ, ನಮ್ಮ ‘ಡ’ಕಾರದ ಮನೆಹೆಸರುಗಳನ್ನು ಒಬ್ಬರು ‘ಟ’ ಎಂದು ಬರೆದರೆ ಇನ್ನೊಬ್ಬರು ‘ಡ’ ಎಂದೇ ಬರೆಯುತ್ತಾರೆ. ಇಂಗ್ಲಿಷಿಗೆ ಬಂದಾಗ ಐತ್ತಪ್ಪ ಎಂಬ ಹೆಸರಿನ ಎರಡನೆಯ ಅಕ್ಷರ ‘ಐ’ಯೋ ‘ವೈ’ಯೋ, ಸವಿತಾ ಎಂಬಲ್ಲಿ ‘ಟಿ’ಯ ಬಳಿಕ ‘ಎಚ್’ ಬೇಕೋ ಬೇಡವೋ ಎಂಬುದು ಬರೆಯುವವರ ಇಷ್ಟದಂತೆ ನಡೆದುಬಿಡುತ್ತದೆ. ಕಡತ ಕಾಗದದಲ್ಲಿದ್ದಾಗ ಗುಮಾಸ್ತರು ಎರಡು ಕಾಗುಣಿತಗಳನ್ನು ನೋಡಿ ಒಬ್ಬನೇ ಮನುಷ್ಯ ಎಂದು ತಿಳಿದುಕೊಳ್ಳುತ್ತಿದ್ದರು. ತಂತ್ರಾಂಶ ಹಾಗೆ ತಿಳಿದುಕೊಳ್ಳುವುದಿಲ್ಲ. ನನ್ನ ಸ್ವಂತ ಅತ್ತೆಯ ಹೆಸರಿನ ಒಂದು ದೀರ್ಘ ಹೋಗಿದ್ದನ್ನು ಯಾರೂ ಗಮನಿಸದೆ, ಅವರು ತೀರಿಕೊಂಡ ಬಳಿಕ ಬ್ಯಾಂಕಿನ ಹಣ ಬಿಡಿಸಿಕೊಳ್ಳಲು ‘ಇಬ್ಬರೂ ಒಬ್ಬರೇ’ ಎಂಬ ಪ್ರಮಾಣಪತ್ರಕ್ಕಾಗಿ ಮಕ್ಕಳು ತಿಂಗಳುಗಟ್ಟಲೆ ಓಡಾಡಬೇಕಾಯಿತು. ಆದುದರಿಂದ ಮಲಯಾಳ ಓದಲು ಬಾರದವರು, ಓದಬಲ್ಲವರೊಬ್ಬರಿಂದ ಗಟ್ಟಿಯಾಗಿ ಓದಿಸಿ ಕೇಳದೆ ಅರ್ಜಿಯನ್ನು ಸಲ್ಲಿಸಬಾರದು.

ಖಾತೆ ತೆರೆಯುವುದು

ಕೆ-ಸ್ಮಾರ್ಟ್‌ನ ಜಾಲತಾಣದಲ್ಲಾಗಲಿ ಮೊಬೈಲ್ ಆ್ಯಪ್‌ನಲ್ಲಾಗಲಿ ಮೊಬೈಲ್ ಸಂಖ್ಯೆ ಕೊಟ್ಟರೆ ಒಟಿಪಿ ಬರುತ್ತದೆ; ಬಳಿಕ ಆಧಾರ್ ಮೂಲಕ ಗುರುತು ದೃಢೀಕರಿಸಬೇಕು. ಇಲ್ಲಿ ಅನೇಕರು ತಡವರಿಸುವುದು ಆಧಾರಿಗೆ ಜೋಡಿಸಿದ ಸಂಖ್ಯೆ ಯಾವಾಗಲೋ ನಿಂತುಹೋಗಿರುವುದರಿಂದ. ಮಂಗಳೂರಿನಲ್ಲಿ ಓದುವಾಗ ತೆಗೆದುಕೊಂಡ ಸಿಮ್, ಗಲ್ಫಿಗೆ ಹೋದ ಮಗನ ಹೆಸರಿನ ಸಿಮ್, ಹೀಗೆ ಆ ಸಂಖ್ಯೆ ಕೈಯಲ್ಲಿರುವುದಿಲ್ಲ. ಆಧಾರಿನ ಮೊಬೈಲ್ ಸಂಖ್ಯೆ ಬದಲಿಸಲು ಸಾಮಾನ್ಯವಾಗಿ ಆಧಾರ್ ಕೇಂದ್ರಕ್ಕೆ ಖುದ್ದಾಗಿ ಹೋಗಬೇಕಾಗುತ್ತದೆ. ಅದನ್ನು ಮೊದಲು ಮುಗಿಸಿ. ಮನೆಯಲ್ಲಿ ಯಾರಿಗೂ ಇದು ಸಾಧ್ಯವಾಗದಿದ್ದರೆ ಸರಕಾರಿ ಸೇವೆಗಳ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರವಿದೆ. ಅಲ್ಲಿ ಅರ್ಜಿ ಹಾಕಿಸುವಾಗಲೂ ನಿಮ್ಮದೇ ಮೊಬೈಲ್ ಸಂಖ್ಯೆ ಕೊಡಿ. ಕೇಂದ್ರದವರ ಸಂಖ್ಯೆ ಕೊಟ್ಟರೆ ದಾಖಲೆ ಸಾಲದೆಂದು ಪಂಚಾಯತಿನಿಂದ ಬರುವ ಸಂದೇಶವೂ ಅವರಿಗೇ ಹೋಗುತ್ತದೆ, ನೀವು ಅರ್ಜಿ ನಡೆಯುತ್ತಿದೆ ಎಂದುಕೊಂಡು ಕಾಯುತ್ತಿರುತ್ತೀರಿ.

ಜನನ, ಮರಣ: ಘಟನೆ ಎಲ್ಲಿ ನಡೆಯಿತು?

ಜನನ ಮತ್ತು ಮರಣಗಳನ್ನು ಅವು ನಡೆದ ಸ್ಥಳದಲ್ಲಿ ನೋಂದಾಯಿಸಬೇಕು, ವಾಸಸ್ಥಳದಲ್ಲಲ್ಲ. ಇದು ಇಡೀ ದೇಶಕ್ಕೆ ಅನ್ವಯಿಸುವ 1969ರ ಕಾನೂನಿನ ನಿಯಮ. ಕಾಸರಗೋಡಿನ ಉತ್ತರ ಭಾಗದವರು ಹೆರಿಗೆಗೂ ದೊಡ್ಡ ಕಾಯಿಲೆಗೂ ತಲಪಾಡಿ ದಾಟಿ ಮಂಗಳೂರಿನ ಕಡೆಯ ಆಸ್ಪತ್ರೆಗಳಿಗೆ ಹೋಗುವುದರಿಂದ ಈ ನಿಯಮ ನಮಗೆ ಬಹಳ ಮುಖ್ಯ. ಅಲ್ಲಿ ಹುಟ್ಟಿದ ಮಗುವಿನ ದಾಖಲೆ ಕರ್ನಾಟಕದ ಇ-ಜನ್ಮ ತಂತ್ರಾಂಶದಲ್ಲಿರುತ್ತದೆಯೇ ಹೊರತು ಕೆ-ಸ್ಮಾರ್ಟ್‌ನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಎಣ್ಮಕಜೆಯ ವಿಳಾಸ ಇದ್ದರೂ ಪ್ರಮಾಣಪತ್ರವನ್ನು ಆಸ್ಪತ್ರೆ ಇರುವ ಸ್ಥಳದ ನೋಂದಣಾಧಿಕಾರಿಯಿಂದಲೇ ಪಡೆಯಬೇಕು. ಆಸ್ಪತ್ರೆಯಿಂದ ಹೊರಡುವ ಮೊದಲು ಅವರು ಬರೆದುಕೊಂಡ ತಂದೆ ತಾಯಿಯ ಹೆಸರನ್ನು ನಿಮ್ಮ ಚೀಟಿಯೊಂದಿಗೆ ಹೋಲಿಸಿ ನೋಡಿದರೆ ಮುಂದಿನ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಸಾಮಾನ್ಯವಾಗಿ ಹೆರಿಗೆಯಾದವಳ ಕಡೆಯವರು ಆ ಗಡಿಬಿಡಿಯಲ್ಲಿ ಇದನ್ನು ಮರೆಯುತ್ತಾರೆ. ಮನೆಯ ಬೇರೊಬ್ಬರಿಗೆ ಈ ಜವಾಬ್ದಾರಿ ವಹಿಸಿಡಿ.

ನಮ್ಮ ಜಿಲ್ಲೆಯಲ್ಲೇ ನಡೆದ ಜನನವಾದರೆ ಆಸ್ಪತ್ರೆಯವರೇ ವಿವರ ಸಲ್ಲಿಸುತ್ತಾರೆ. ಮನೆಯಲ್ಲಿ ನಡೆದ ಮರಣವನ್ನು ಮನೆಯವರು ತಿಳಿಸಬೇಕು. ಅವಧಿ 21 ದಿನ. ಬೊಜ್ಜ, ಉತ್ತರಕ್ರಿಯೆಗಳ ನಡುವೆ ದಿನ ಹೋದದ್ದು ತಿಳಿಯುವುದಿಲ್ಲವಾದ್ದರಿಂದ ಮೊದಲ ವಾರದಲ್ಲೇ ಅರ್ಜಿ ಹಾಕುವುದು ಸುರಕ್ಷಿತ. 21 ದಿನ ಕಳೆದರೆ ತಡಶುಲ್ಕ, 30 ದಿನ ಕಳೆದರೆ ಮೇಲಧಿಕಾರಿಯ ಅನುಮತಿ, ಒಂದು ವರ್ಷ ಕಳೆದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಮಗುವಿಗೆ ಹೆಸರಿಡುವ ಮುನ್ನ ನೋಂದಣಿ ಆಗಿದ್ದರೆ ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. 2023ರ ಅಕ್ಟೋಬರ್ 1ರಂದು ಅಥವಾ ಅದರ ಬಳಿಕ ಹುಟ್ಟಿದವರಿಗೆ ಶಾಲೆ ಸೇರುವುದರಿಂದ ಹಿಡಿದು ಮತದಾರರ ಪಟ್ಟಿ, ಪಾಸ್‌ಪೋರ್ಟ್‌ವರೆಗೆ ಹುಟ್ಟಿದ ದಿನಾಂಕಕ್ಕೆ ಜನನ ಪ್ರಮಾಣಪತ್ರವೇ ಆಧಾರವೆಂದು ಕಾನೂನು ತಿದ್ದುಪಡಿಯಾಗಿರುವುದರಿಂದ, ಆ ಪತ್ರದ ಮೊದಲ ಅಕ್ಷರ ತಪ್ಪಾದರೆ ಮಗು ಅದನ್ನು ಜೀವನವಿಡೀ ಹೊರಬೇಕಾಗುತ್ತದೆ.

ಮದುವೆ

ಮದುವೆಗೂ ಇದೇ ಕ್ರಮ. ಮಧೂರು ದೇವಸ್ಥಾನದಲ್ಲಿ ಮದುವೆಯಾದರೆ ವಧೂವರರ ಮನೆ ಎಲ್ಲೇ ಇರಲಿ, ಅರ್ಜಿ ಮಧೂರು ಪಂಚಾಯತಿಗೆ ಹೋಗಬೇಕು. ಕೇರಳದ 2008ರ ನಿಯಮದಂತೆ 45 ದಿನಗಳೊಳಗೆ. ಮದುವೆ ಕರ್ನಾಟಕದ ದೇವಸ್ಥಾನದಲ್ಲೋ ಸಭಾಭವನದಲ್ಲೋ ನಡೆದಿದ್ದರೆ ನಮ್ಮ ಪಂಚಾಯತಿಗೆ ಅದನ್ನು ನೋಂದಾಯಿಸುವ ಅಧಿಕಾರವಿಲ್ಲ, ಅಲ್ಲಿನ ಉಪನೋಂದಣಾಧಿಕಾರಿಯ ಕಚೇರಿಯನ್ನು ಸಂಪರ್ಕಿಸಬೇಕು. ಕೆ-ಸ್ಮಾರ್ಟ್‌ನ ವಿಡಿಯೋ ಕೆವೈಸಿ ಸೌಲಭ್ಯದಿಂದಾಗಿ ಗಂಡ ಹೆಂಡತಿ ಬೇರೆ ಬೇರೆ ಊರುಗಳಲ್ಲಿದ್ದುಕೊಂಡೇ ಗುರುತು ದೃಢೀಕರಿಸಬಹುದು. ಮದುವೆಯಾದ ಹದಿನೈದೇ ದಿನದಲ್ಲಿ ದುಬೈಗೋ ಬೆಂಗಳೂರಿಗೋ ಹೋಗಬೇಕಾದವರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರಿಲ್ಲ.

ಮನೆ ಕಟ್ಟುವುದು, ತೆರಿಗೆ ಕಟ್ಟುವುದು

ಯಾವ ಕಚೇರಿಗೆ ಯಾವ ತೆರಿಗೆ ಎಂಬ ಗೊಂದಲ ಇನ್ನೂ ಇದೆ. ಜಾಗದ ಭೂಕಂದಾಯ ವಿಲೇಜ್ ಆಫೀಸಿಗೆ ಸೇರಿದ್ದು, ಕಟ್ಟಡದ ವಾರ್ಷಿಕ ತೆರಿಗೆ ಪಂಚಾಯತಿಗೆ ಸೇರಿದ್ದು. ಆದಾಯ, ಜಾತಿ ಪ್ರಮಾಣಪತ್ರಗಳೂ ಕಂದಾಯ ಇಲಾಖೆಯ ಇ-ಡಿಸ್ಟ್ರಿಕ್ಟ್ ಮೂಲಕ ಬರುತ್ತವೆ. ಕೆ-ಸ್ಮಾರ್ಟ್‌ನಲ್ಲಿ ಅವನ್ನು ಹುಡುಕುವುದು ವ್ಯರ್ಥ.

ಹೊಸ ಮನೆ ಕಟ್ಟುವವರು ಕೆ-ಸ್ಮಾರ್ಟ್‌ನ ‘ನೋ ಯುವರ್ ಲ್ಯಾಂಡ್’ ವಿಭಾಗವನ್ನು ನಕ್ಷೆ ಬರೆಸುವುದಕ್ಕೆ ಮೊದಲೇ ನೋಡಬೇಕು. ಆ ಜಾಗದಲ್ಲಿ ಯಾವ ಬಗೆಯ ಕಟ್ಟಡ ಕಟ್ಟಬಹುದು, ಕರಾವಳಿ ನಿಯಂತ್ರಣದಂತಹ ನಿರ್ಬಂಧವಿದೆಯೇ ಎಂಬುದನ್ನು ಉಪಗ್ರಹ ನಕ್ಷೆಯ ನೆರವಿನಿಂದ ಅದು ತಿಳಿಸುತ್ತದೆ. ಮಂಜೇಶ್ವರ, ಮಂಗಲ್ಪಾಡಿ, ಕುಂಬಳೆಯ ಕಡಲ ಬದಿಯವರಿಗೂ ರಾಷ್ಟ್ರೀಯ ಹೆದ್ದಾರಿ 66ರ ಬದಿಯವರಿಗೂ ಇದು ವಿಶೇಷವಾಗಿ ಬೇಕಾಗುತ್ತದೆ. 300 ಚದರ ಮೀಟರ್‌ವರೆಗಿನ, ಕಡಿಮೆ ಅಪಾಯದ ವರ್ಗಕ್ಕೆ ಸೇರಿದ ಮನೆಗೆ ಲೈಸೆನ್ಸ್ ಇರುವ ಎಂಜಿನಿಯರ್ ಮತ್ತು ಮಾಲಕರ ಸ್ವಯಂ ದೃಢೀಕರಣದ ಮೇಲೆ ಪರವಾನಗಿ ತಕ್ಷಣ ಸಿಗುತ್ತದೆ. ಆದರೆ ತಕ್ಷಣ ಸಿಕ್ಕಿತೆಂದು ನಿಶ್ಚಿಂತರಾಗುವಂತಿಲ್ಲ, ಸುಳ್ಳು ಹೇಳಿಕೆಗೆ ಹೊಣೆ ಸಹಿ ಹಾಕಿದವರದ್ದೇ. ದಾಖಲೆಯಲ್ಲಿ ಜಾಗ ‘ನಿಲಂ’, ಅಂದರೆ ಗದ್ದೆ, ಎಂದಿದ್ದರೆ ಅಲ್ಲಿ ಈಗ ಅಡಿಕೆ ತೋಟವೇ ಇದ್ದರೂ 2008ರ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾನೂನು ಅನ್ವಯಿಸುತ್ತದೆ. ಅದರ ಇತ್ಯರ್ಥ ಕಂದಾಯ ವಿಭಾಗಾಧಿಕಾರಿಯ ಇಲ್ಲವೇ ಅಧಿಕಾರ ಪಡೆದ ಡೆಪ್ಯುಟಿ ಕಲೆಕ್ಟರರ ಕಚೇರಿಯಲ್ಲಿ ಆಗಬೇಕು. ಪಂಚಾಯತಿನ ಅರ್ಜಿ ಅದರ ನಂತರದ್ದು.

ಮನೆಬಾಗಿಲಿನ ಕ್ಯೂಆರ್ ಕೋಡ್

ಹರಿತ ಕರ್ಮಸೇನೆಯ ಮಹಿಳೆಯರು ಪ್ಲಾಸ್ಟಿಕ್ ಸಂಗ್ರಹಿಸಲು ಬಂದಾಗ ಗೋಡೆಯ ಮೇಲಿನ ಕ್ಯೂಆರ್ ಕೋಡನ್ನು ‘ಹರಿತಮಿತ್ರಂ’ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡುತ್ತಾರೆ. ಪಂಚಾಯತ್ ಪ್ರದೇಶದಲ್ಲಿ ಸಾಮಾನ್ಯವಾಗಿ ತಿಂಗಳಿಗೆ 50 ರೂಪಾಯಿ ಬಳಕೆದಾರರ ಶುಲ್ಕ. ಆ ಕಾಗದವನ್ನು ಮಳೆನೀರು ಬೀಳದ, ಕೈಗೆಟಕುವ ಜಾಗದಲ್ಲಿ ಉಳಿಸಿಕೊಳ್ಳಿ, ರಸೀದಿಗಳನ್ನೂ ತೆಗೆದಿಡಿ.

ಕನ್ನಡದಲ್ಲಿ ದೂರು

ತಪ್ಪಾದರೆ, ತಡವಾದರೆ ಕನ್ನಡದಲ್ಲೇ ಬರೆಯಲು ನಮಗೆ ಹಕ್ಕಿದೆ ಎಂಬುದನ್ನು ಎಳೆಯರು ಮರೆಯುತ್ತಿದ್ದಾರೆ, ನನಗೆ ಬಹಳ ನೋವು ಕೊಡುವ ಸಂಗತಿಯಿದು. ಸಂವಿಧಾನದ 350ನೆಯ ವಿಧಿಯ ಪ್ರಕಾರ, ಕುಂದುಕೊರತೆಯ ಪರಿಹಾರಕ್ಕಾಗಿ ರಾಜ್ಯದ ಯಾವುದೇ ಅಧಿಕಾರಿಗೆ ಅಥವಾ ಪ್ರಾಧಿಕಾರಕ್ಕೆ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಯಲ್ಲಿ ಮನವಿ ಸಲ್ಲಿಸಬಹುದು. ಕೇರಳದ 1969ರ ಅಧಿಕೃತ ಭಾಷಾ ಕಾನೂನು ಇನ್ನೂ ಮುಂದೆ ಹೋಗಿ, ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸೆಕ್ರೆಟರಿಯೇಟ್, ಇಲಾಖಾ ಮುಖ್ಯಸ್ಥರು ಹಾಗೂ ತಮ್ಮ ಪ್ರದೇಶದ ಸರಕಾರಿ ಕಚೇರಿಗಳೊಂದಿಗೆ ತಮ್ಮ ಭಾಷೆಯಲ್ಲಿ ವ್ಯವಹರಿಸಬಹುದು, ಉತ್ತರವೂ ಅದೇ ಭಾಷೆಯಲ್ಲಿರಬೇಕು ಎಂದು ಹೇಳುತ್ತದೆ. ಅರ್ಜಿಯ ರೂಪ ಕಾಗದದಿಂದ ಮೊಬೈಲಿಗೆ ಬದಲಾದುದರಿಂದ ಈ ಹಕ್ಕು ಹೋಗಿಲ್ಲ.

ಅದನ್ನು ಬಳಸುವ ಬಗೆ ಸರಳ. ದೂರನ್ನು ಬಿಳಿ ಹಾಳೆಯಲ್ಲಿ ಕನ್ನಡದಲ್ಲಿ ಸ್ಪಷ್ಟವಾಗಿ ಬರೆದು ಸಹಿ ಮಾಡಿ, ಅದರ ಚಿತ್ರವನ್ನು ಪಿಡಿಎಫ್ ಮಾಡಿ ಕೆ-ಸ್ಮಾರ್ಟ್‌ನ ದೂರು ವಿಭಾಗದಲ್ಲಿ ಲಗತ್ತಿಸಿ. ಪರದೆಯ ಚೌಕದಲ್ಲಿ ವಿಷಯವನ್ನು ಒಂದೆರಡು ಸಾಲಿನ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ತಿಳಿಸಿದರೆ ಕಡತ ಸರಿಯಾದ ಮೇಜಿಗೆ ಬೇಗ ತಲಪುತ್ತದೆ. ಪತ್ರದಲ್ಲಿ ಹಳೆಯ ಅರ್ಜಿಯ ಸಂಖ್ಯೆ, ದಿನಾಂಕ, ಆ ಸೇವೆಗೆ ಕಚೇರಿಯ ನಾಗರಿಕ ಸನ್ನದಿನಲ್ಲಿ ಸೂಚಿಸಿದ ಅವಧಿ ಇವು ಮೂರೂ ಇರಲಿ, ಏಕೆಂದರೆ 2012ರ ಕೇರಳ ಸೇವಾ ಹಕ್ಕು ಕಾನೂನಿನಡಿ ಮೇಲ್ಮನವಿಗೆ ಹೋಗಬೇಕಾದರೆ ಅವೇ ಆಧಾರ. ಕೊನೆಯ ಸಾಲಿನಲ್ಲಿ ‘ಉತ್ತರವನ್ನು ಕನ್ನಡದಲ್ಲಿ ನೀಡಬೇಕಾಗಿ ವಿನಂತಿ’ ಎಂದು ಬರೆಯಿರಿ. ಉತ್ತರ ಮಲಯಾಳದಲ್ಲಿ ಬಂದರೆ, ಅದೇ ಕಡತ ಸಂಖ್ಯೆಯನ್ನು ಉಲ್ಲೇಖಿಸಿ ಕನ್ನಡದ ಪ್ರತಿಯನ್ನು ಕೇಳಿ ಇನ್ನೊಂದು ಪತ್ರ ಬರೆದು, ಅದರ ನಕಲನ್ನು ಜಿಲ್ಲಾಧಿಕಾರಿಗೆ ಕಳುಹಿಸಿ.